ಅಗಿಯದೆ ನುಂಗಿದ ಹಡಗು

ಮಧುಗಿರಿ

ಪರದೇಶಕ್ಕೆ ಹೋಗಿಬಂದವರು ಅಲ್ಲಿಯ ಅರಮನೆ, ಗೋಪುರ, ಹಿಮದ ಬೆಟ್ಟ ಇವುಗಳ ವಿಚಾರ ಬರೆಯುತ್ತಾರೆ. ನಾನು ಪಶ್ಚಿಮ ಆಫ್ರಿಕಾದವರೆಗೆ ಹೋಗಿ ಕಸದ ಡಬ್ಬಗಳನ್ನು ನೋಡಿಕೊಂಡು ಬಂದೆ. ಬಹಳ ಚೆನ್ನಾಗಿದ್ದವು. ಓದುಗರು ಅಸೂಯೆಪಡಬಾರದು.

ನನ್ನ ಉದ್ಯೋಗವೇ ಅಂಥದ್ದು. ಕಾರ್ಖಾನೆಗಳ ಹೊಗೆ, ಕೊಚ್ಚೆ, ಕಸ ಇವೆಲ್ಲ ನಿಯಮದ ಪ್ರಕಾರ ಇವೆಯೇ ಎಂದು ಪರೀಕ್ಷಿಸುವ ಖಾಸಗಿ ಸಂಸ್ಥೆಯೊಂದರಲ್ಲಿ ನಾನು ತಪಾಸಣೆಗಾರ. ಉಳಿದವರು ಮೂಗು ಮುಚ್ಚಿಕೊಂಡು ದಾಟುವ ಕಡೆ ಮೂಗು ತೂರಿಸುವುದಕ್ಕೆ ನನಗೆ ಸಂಬಳ. ಇಷ್ಟು ವರ್ಷ ತುಮಕೂರು ರಸ್ತೆಯ ಆಸುಪಾಸಿನಲ್ಲೇ ತೃಪ್ತವಾಗಿದ್ದ ಈ ಮೂಗಿಗೆ ಕೊನೆಗಾಲಕ್ಕೆ ಸಮುದ್ರಯೋಗ ಒದಗಿತು. ಒಂದು ಎಣ್ಣೆ ಹಡಗಿನ ಹೊಗೆ ಮತ್ತು ಕಸ ಎರಡನ್ನೂ ನೋಡಿ ವರದಿ ಕೊಡಬೇಕೆಂದು ಆಜ್ಞೆಯಾಯಿತು.

ಈ ಹಡಗಿನ ವಿಷಯ ಎರಡು ಮಾತು. ಇದು ಸಮುದ್ರದ ಮಧ್ಯೆ ಲಂಗರು ಹಾಕಿಕೊಂಡು ನಿಂತು, ಸಮುದ್ರದ ತಳದ ಬಾವಿಗಳಿಂದ ಕಚ್ಚಾ ಎಣ್ಣೆ ಎತ್ತಿ, ಅದರ ಜೊತೆ ಬಂದ ನೀರನ್ನೂ ಅನಿಲವನ್ನೂ ಬೇರೆ ಮಾಡಿ, ಎಣ್ಣೆಯನ್ನು ಹೊಟ್ಟೆಯಲ್ಲಿ ತುಂಬಿಟ್ಟುಕೊಳ್ಳುತ್ತದೆ. ಬೇರೆ ಹಡಗು ಬಂದಾಗ ಅದಕ್ಕೆ ಸುರಿದುಕೊಡುತ್ತದೆ. ಹಡಗು ಎಂದು ಕರೆಯುವುದು ಮರ್ಯಾದೆಗೆ. ಎಲ್ಲಿಗೂ ಹೋಗುವುದಿಲ್ಲ. ನಮ್ಮ ಮಧುಗಿರಿ ಬೆಟ್ಟಕ್ಕೂ ಅದಕ್ಕೂ ವ್ಯತ್ಯಾಸವೆಂದರೆ ಬೆಟ್ಟಕ್ಕೆ ಮ್ಯಾನೇಜರ್ ಇಲ್ಲ.

ಸುದ್ದಿ ಕೇಳಿ ನನ್ನ ಹೆಂಡತಿ ಗಿರಿಜೆ ಸಂಭ್ರಮಪಡಲಿಲ್ಲ. ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು:

"ಅಲ್ರೀ, ನಮ್ಮ ಬೀದಿ ಮೋರಿ ಕಟ್ಟಿಕೊಂಡು ಎಷ್ಟು ದಿನ ಆಯ್ತು? ಅದನ್ನ ನೋಡೋಕೆ ಒಬ್ಬ ನರಪಿಳ್ಳೆ ಬರಲಿಲ್ಲ. ನೀವು ಸಮುದ್ರದ ಮೋರಿ ನೋಡೋಕೆ ವಿಮಾನ ಹತ್ತುತೀರ?"

"ಸಮುದ್ರ ಎಲ್ಲರಿಗೂ ಸೇರಿದ್ದು ಕಣೇ."

"ಬೀದಿ?"

ನಾನು ಪೆಟ್ಟಿಗೆ ತುಂಬಲು ಎದ್ದೆ. ಆಮೇಲೆ ನೋಡಿದರೆ ನನ್ನ ಶರಟುಗಳನ್ನೆಲ್ಲ ಒಂದು ಮೂಲೆಗೆ ಒತ್ತರಿಸಿ ರಾಗಿಹಿಟ್ಟಿನ ದೊಡ್ಡ ಗಂಟೊಂದು ಕೂತಿತ್ತು, ಪಕ್ಕದಲ್ಲಿ ಸಾರಿನ ಪುಡಿ. "ಅಲ್ಲಿ ಬರೀ ಮೀನು, ಮಾಂಸ ಅಂತೆ. ಸೊರಗಿಕೊಂಡು ಬಂದರೆ ನನ್ನ ಕೈಲಿ ನೋಡೋಕಾಗಲ್ಲ," ಎಂದಳು. ಮುಂದೆ ನಡೆದ ಅಂತರರಾಷ್ಟ್ರೀಯ ಅನಾಹುತಕ್ಕೆ ಈ ಗಂಟೇ ಮೂಲವೆಂದು ಈಗಲೇ ಹೇಳಿಬಿಡುತ್ತೇನೆ.

ಬಂದರಿನ ಊರು

ದೇಶದ ಹೆಸರು, ಊರಿನ ಹೆಸರು, ಹಡಗಿನ ಹೆಸರು ಯಾವುದನ್ನೂ ಎಲ್ಲೂ ಹೇಳುವುದಿಲ್ಲವೆಂದು ನನ್ನಿಂದ ರುಜು ಹಾಕಿಸಿಕೊಂಡಿದ್ದಾರೆ. ಸಮುದ್ರ ಅಟ್ಲಾಂಟಿಕ್ ಎಂದು ಹೇಳಬಹುದು. ಅದನ್ನು ಬಚ್ಚಿಡುವುದು ಅವರಿಗೂ ಆಗಲಿಲ್ಲ.

ಮದಲೂರು ಕೆರೆಗೆ ನೀರು ಬಂತೆಂದರೆ ಟೆಂಪೋ ಮಾಡಿಕೊಂಡು ನೋಡಲು ಹೋಗುವ ಸೀಮೆಯವನು ನಾನು. ಅಷ್ಟೊಂದು ನೀರನ್ನು ಒಟ್ಟಿಗೆ ಕಂಡಾಗ ನನ್ನ ಕಣ್ಣು ತನ್ನಷ್ಟಕ್ಕೇ ಕೋಡಿ ಎಲ್ಲಿದೆ ಎಂದು ಹುಡುಕಿತು.

ಊರಿನ ಜನ ಒಳ್ಳೆಯವರು. ಎದುರಿಗೆ ಸಿಕ್ಕವರು ನಿಂತು ಮನೆಯವರ, ನೆಂಟರ, ನಿನ್ನೆಯ ನಿದ್ದೆಯ ಯೋಗಕ್ಷೇಮವನ್ನೆಲ್ಲ ವಿಚಾರಿಸಿಯೇ ಮುಂದಿನ ಮಾತು. ಬಡವನಹಳ್ಳಿ ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಕೊಳ್ಳುವಷ್ಟು ಹೊತ್ತು ಹಿಡಿಯುತ್ತದೆ. ಅಲ್ಲಿಯ ಒಂದು ಸಣ್ಣ ಹೋಟೆಲಿನಲ್ಲಿ ನಾನು ಬಾಳೆಹಣ್ಣು ಸುಲಿಯುತ್ತ ಕೂತಿದ್ದಾಗ ಎದುರಿನವನ ಬಟ್ಟಲಿಗೆ ಹೋಟೆಲಿನಾಕೆ ಒಂದು ದೊಡ್ಡ ಬಿಳಿ ಉಂಡೆ ಇಟ್ಟು ಮೇಲೆ ಬಿಸಿ ಸಾರು ಸುರಿದಳು. ಅವನು ಕೈತೊಳೆದು, ಉಂಡೆಯ ಅಂಚು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟ. ದವಡೆ ಅಲುಗಲಿಲ್ಲ. ಗಂಟಲು ಮಾತ್ರ ಒಂದು ಸಲ ಮೇಲೆ ಕೆಳಗೆ ಆಡಿತು.

ಆ ಗಂಟಲಾಟವನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಅದೇ ಆಟ ಆಡಲು ಬಾರದ ಬೆಂಗಳೂರಿನ ಅಳಿಯಂದಿರನ್ನು ನಮ್ಮ ಕಡೆ ಇವತ್ತಿಗೂ ನಗಾಡುತ್ತಾರೆ. ಬಾಳೆಹಣ್ಣು ಕೆಳಗಿಟ್ಟು ಅವನನ್ನೇ ನೋಡುತ್ತಿದ್ದೆ. ಅವನು ಗಂಭೀರವಾಗಿ ಹೇಳಿದ: "ಫುಫು. ತಿನ್ನುವುದಾದರೆ ಅಗಿಯಬಾರದು. ಅಗಿದರೆ ಮಾಡಿದವಳಿಗೆ ಬೇಜಾರು." ಸಾರಿನಲ್ಲಿ ಮೀನು ಇಣುಕುತ್ತಿತ್ತು, ನಾನು ಲಿಂಗಧಾರಿ. ದೂರದಿಂದಲೇ ಸಹೋದರತ್ವ ಅನುಭವಿಸಿದೆ.

ಹಡಗಿಗೆ ಹೆಲಿಕಾಪ್ಟರಿನಲ್ಲೇ ಹೋಗಬೇಕು. ಅದಕ್ಕೆ ಮುಂಚೆ, ಹೆಲಿಕಾಪ್ಟರು ನೀರಿಗೆ ಬಿದ್ದರೆ ಹೇಗೆ ಹೊರಬರಬೇಕೆಂದು ಕಲಿಸಲು ನನ್ನನ್ನು ಒಂದು ಗೂಡಿನೊಳಗೆ ಬಿಗಿದು, ಕೊಳದಲ್ಲಿ ಮುಳುಗಿಸಿ ತಲೆಕೆಳಗು ಮಾಡಿದರು. ನಾನು ಹೊರಬಂದೆ. ಪ್ರಶಸ್ತಿಪತ್ರ ಕೊಟ್ಟರು. ನಮ್ಮೂರ ಬಾವಿಯಲ್ಲಿ ಇದೇ ಕೆಲಸ ಮಾಡಿದ್ದಕ್ಕೆ ಅಪ್ಪ ಬೇರೇನೋ ಕೊಟ್ಟಿದ್ದರು.

ಹೆಲಿಕಾಪ್ಟರು ನಿಲ್ಲುವ ಜಾಗದಲ್ಲಿ ಕಾವಲಿನವನು ನನ್ನನ್ನು ತಡವಿ ನೋಡಿದ. ಪೂಜೆಗೆಂದು ಅಲ್ಲೇ ಅಂಗಡಿಯಲ್ಲಿ ಕೊಂಡಿದ್ದ ಬೆಂಕಿಪೊಟ್ಟಣ ಸಿಕ್ಕಿತು. ಅವನ ಮುಖ ನೋಡಿದರೆ ಬಾಂಬು ಸಿಕ್ಕಿದಂತಿತ್ತು. "ಎಣ್ಣೆ ಹಡಗಿಗೆ ಬೆಂಕಿಕಡ್ಡಿಯೇ!" ಎಂದು ಅದನ್ನು ಎರಡು ಬೆರಳಲ್ಲಿ ಎತ್ತಿ, ಒಂದು ಚೀಲಕ್ಕೆ ಹಾಕಿ ಮೊಹರು ಮಾಡಿದ. ಆಮೇಲೆ ಕೊರಳ ಬೆಳ್ಳಿ ಕರಡಿಗೆಯ ಸರದಿ.

"ಇದು ಬ್ಯಾಟರಿಯದೇ?"

"ಅಲ್ಲ. ಒಳಗೆ ದೇವರಿದ್ದಾನೆ."

"ಇದರಿಂದ ಸಿಗ್ನಲ್ ಹೋಗುತ್ತದೆಯೇ?"

"ನಾವು ದಿನಾ ಕಳಿಸುತ್ತೇವೆ. ಆ ಕಡೆಯಿಂದ ಬಂದದ್ದು ಇನ್ನೂ ಗೊತ್ತಿಲ್ಲ."

ಅವನು ಯೋಚಿಸಿ ಬಿಟ್ಟುಕೊಟ್ಟ. ರಾಗಿಹಿಟ್ಟನ್ನು ಮೂಸಿ, "ಗಂಜಿಯ ಹಿಟ್ಟು," ಎಂದು ತಾನೇ ತೀರ್ಪಿತ್ತು ಒಳಗೆ ಬಿಟ್ಟ. ಅಪಾಯಕಾರಿ ವಸ್ತು ಯಾವುದೆಂದು ಗುರುತಿಸುವುದರಲ್ಲಿ ಅವನು ಎಡವಿದ್ದು ಇಲ್ಲಿ.

ಹಡಗಿನ ಮೇಲೆ

ಹೆಲಿಕಾಪ್ಟರಿನಿಂದ ಮೊದಲು ಕಂಡದ್ದು ಹಡಗಲ್ಲ, ಬೆಂಕಿ. ಹಡಗಿನ ತುದಿಯಲ್ಲಿ ಓರೆಯಾಗಿ ನಿಂತ ಎತ್ತರದ ಕಬ್ಬಿಣದ ಕಂಬ. ಅದರ ನೆತ್ತಿಯಲ್ಲಿ ಒಂದು ಜ್ವಾಲೆ, ಹಗಲು ಹೊತ್ತಿನಲ್ಲೇ ಆಕಾಶ ನೆಕ್ಕುತ್ತ, ಭೋರ್ಗರೆಯುತ್ತ ಉರಿಯುತ್ತಿತ್ತು. ನನ್ನ ಬೆಂಕಿಪೊಟ್ಟಣವನ್ನು ದಡದಲ್ಲೇ ಉಳಿಸಿಕೊಂಡದ್ದರ ಮಹತ್ವ ಆಗ ಅರಿವಾಯಿತು. ಒಂದೇ ಹಡಗಿನಲ್ಲಿ ಎರಡೆರಡು ಬೆಂಕಿ ಖಂಡಿತ ಅಪಾಯ.

ಹಡಗಿನ ಮ್ಯಾನೇಜರ್ ಅಲೆಸ್ಟರ್ ಎಂಬ ಸ್ಕಾಟ್ಲೆಂಡಿನ ದೊರೆ. ಕೆಂಪು ಮುಖ, ಬಿಳಿ ಹುಬ್ಬು. ಕೈಕುಲುಕಿದ ಮೇಲೆ ಮೊದಲು ಹೇಳಿದ ಮಾತು, "ಮೆಟ್ಟಿಲಲ್ಲಿ ಕಂಬಿ ಹಿಡಿದುಕೊಳ್ಳಿ." ಅಲ್ಲಿ ಕಂಬಿ ಹಿಡಿಯದೆ ಮೆಟ್ಟಿಲಿಳಿಯುವುದು ಅಪರಾಧ. ಮುಚ್ಚಳವಿಲ್ಲದ ಲೋಟದಲ್ಲಿ ಕಾಫಿ ಒಯ್ಯುವುದು ಮಹಾಪರಾಧ. ನಾನು ಮೂರು ಮೆಟ್ಟಿಲು ಕಂಬಿಯಿಲ್ಲದೆ ಇಳಿದದ್ದನ್ನು ಕಂಡು ಇಬ್ಬರು ಬೇರೆ ಬೇರೆಯಾಗಿ ಬಂದು ದುಃಖ ವ್ಯಕ್ತಪಡಿಸಿದರು.

"ಆ ಬೆಂಕಿ?" ಎಂದು ಕೇಳಿದೆ.

ಎಣ್ಣೆಯ ಜೊತೆ ಅನಿಲವೂ ಬರುತ್ತದೆ, ಅದನ್ನು ಒತ್ತಿ ಮತ್ತೆ ಭೂಮಿಯೊಳಕ್ಕೇ ಕಳಿಸಬೇಕು, ಒತ್ತುವ ಯಂತ್ರ ಕೆಟ್ಟಿದೆ, ಸುಮ್ಮನೆ ಗಾಳಿಗೆ ಬಿಟ್ಟರೆ ಇನ್ನೂ ಕೆಟ್ಟದ್ದು, ಆದ್ದರಿಂದ ಸುಡುತ್ತಿದ್ದೇವೆ ಎಂದು ಅಲೆಸ್ಟರ್ ತಾಳ್ಮೆಯಿಂದ ವಿವರಿಸಿದರು. "ತಾತ್ಕಾಲಿಕ," ಎಂದು ಕೊನೆಗೆ ಸೇರಿಸಿದರು.

ತಾತ್ಕಾಲಿಕ ಎನ್ನುವ ಪದ ನನಗೆ ಹೊಸದಲ್ಲ. ನಮ್ಮ ಓಣಿಯ ಮೋರಿಯ ಮೇಲೆ ತಾತ್ಕಾಲಿಕವಾಗಿ ಹಾಸಿದ ಕಲ್ಲುಚಪ್ಪಡಿಯೊಂದಿದೆ. ಅದನ್ನು ದಾಟಿ ನಾನು ಸ್ಕೂಲಿಗೆ ಹೋದೆ, ನನ್ನ ಮಗಳು ಹೋದಳು, ಈಗ ಮೊಮ್ಮಗ ಹೋಗುತ್ತಿದ್ದಾನೆ.

ನನ್ನ ಕೋಣೆಯಲ್ಲಿ ದೀಪ ಹಚ್ಚುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತೆ. ಗಾಜಿನಾಚೆ ಆ ಜ್ವಾಲೆ ಕುಣಿಯುತ್ತಿತ್ತು. ಶಿವನಿಗೆ ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಮಂಗಳಾರತಿ ಆದದ್ದು ಅದೇ ಮೊದಲು.

ಹಡಗಿನ ಹೊಗೆ, ನೀರು, ಕಸಗಳ ಉಸ್ತುವಾರಿ ಅದೇ ದೇಶದ ಅಮಾ ಎಂಬ ಅಧಿಕಾರಿಯದು. ರಸಾಯನಶಾಸ್ತ್ರ ಓದಿದವಳು, ಮೂವತ್ತರ ಆಸುಪಾಸು, ನಕ್ಕರೆ ಇಡೀ ಮುಖ ನಗುತ್ತದೆ. ಎಣ್ಣೆಯಿಂದ ಬೇರೆಯಾದ ನೀರನ್ನು ಮೂರು ಸುತ್ತು ಸೋಸಿ, ಪರೀಕ್ಷೆ ಮಾಡಿ, ಮಿತಿಯೊಳಗಿದ್ದರೆ ಮಾತ್ರ ಸಮುದ್ರಕ್ಕೆ ಬಿಡುವುದನ್ನು ತೋರಿಸಿದಳು. ಮೀನಿಗೆ ತೊಂದರೆಯಾಗಬಾರದಲ್ಲ, ಎಂದಳು. ಪಾವಗಡದ ಕಡೆ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಾದ ನನ್ನ ಸಹಪಾಠಿಗಳು ನೆನಪಾದರು. ಮೀನಾಗಿ ಹುಟ್ಟಬೇಕಾಗಿತ್ತು.

ಆಮೇಲೆ ಡಬ್ಬಗಳು. ಪ್ಲಾಸ್ಟಿಕ್ಕಿಗೆ ಒಂದು ಬಣ್ಣ, ಕಾಗದಕ್ಕೆ ಒಂದು, ತಗಡಿಗೆ ಒಂದು, ಎಣ್ಣೆ ಮೆತ್ತಿದ ಬಟ್ಟೆಗೆ ಒಂದು, ಅನ್ನ ಆಹಾರಕ್ಕೆ ಒಂದು. ಒಂದರದು ಇನ್ನೊಂದಕ್ಕೆ ಸೋಕಬಾರದು. ಎಣ್ಣೆ ಬಟ್ಟೆ ಮುಟ್ಟಿದ ಕೈಗವಸಿನಲ್ಲಿ ಕಾಗದದ ಡಬ್ಬ ಮುಟ್ಟಿದರೆ ಕಾಗದವೂ ಕೆಟ್ಟಿತು. ಅಮಾ ಬಹಳ ಹೊಸ ವಿಷಯವೆಂಬಂತೆ ಹೇಳುತ್ತಿದ್ದಳು. ನಾನು ನಮ್ಮಜ್ಜಿಯ ಅಡುಗೆಮನೆಯಲ್ಲಿ ಬೆಳೆದವನು. ಎಂಜಲು ಬೇರೆ, ಮುಸುರೆ ಬೇರೆ, ಮಡಿ ಬೇರೆ. ಅನ್ನದ ಕೈಯಲ್ಲಿ ಮಜ್ಜಿಗೆ ಚೊಂಬು ಮುಟ್ಟಿದರೆ ಮಜ್ಜಿಗೆ ಹೋಯಿತು, ಚೊಂಬು ಹೋಯಿತು, ಅಜ್ಜಿಯ ಸಮಾಧಾನವೂ ಹೋಯಿತು. ಆಕೆ ಬದುಕಿದ್ದಿದ್ದರೆ ಈ ಕಂಪನಿ ದೊಡ್ಡ ಹುದ್ದೆ ಕೊಟ್ಟು ಕರೆಸಿಕೊಳ್ಳುತ್ತಿತ್ತು.

ಅಡುಗೆಮನೆ

ಊಟದ ಹಾಲಿನಲ್ಲಿ ತಟ್ಟೆ ಹಿಡಿದು ನಿಂತೆ. ಸಾಲಾಗಿ ಕೋಳಿ, ಕುರಿ, ಹಂದಿ, ದನ, ಮೀನು. ಸೃಷ್ಟಿಯ ಯಾವ ಪ್ರಾಣಿಗೂ ಅನ್ಯಾಯವಾಗಿರಲಿಲ್ಲ. ನಾನು ಎರಡು ಹೋಳು ಬ್ರೆಡ್ಡು ತೆಗೆದುಕೊಂಡೆ. ಆಚೆ ಕಡೆ ಸೌಟು ಹಿಡಿದಿದ್ದ ಬಿಳಿ ಟೋಪಿಯ ಅಡುಗೆಯವನು ನನ್ನ ಹಣೆಯನ್ನೇ ದಿಟ್ಟಿಸುತ್ತಿದ್ದ.

"ಸಾ... ಕನ್ನಡದೋರಾ?"

"ಮಧುಗಿರಿ ಕಣಪ್ಪ."

ಸೌಟು ಕೆಳಗೆ ಬಿತ್ತು. "ಅಯ್ಯಯ್ಯೋ! ನಂದು ಬಡವನಹಳ್ಳಿ ಕಣ್ಸಾ! ನಾಗರಾಜು ಅಂತ. ಇಲ್ಲಿಗ್ ಹೆಂಗ್ ಬಂದ್ರಿ ಸಾ ನೀವು?"

"ಕಸ ನೋಡೋಕೆ ಬಂದೆ."

"ಅಷ್ಟು ದೂರದಿಂದ್ಲಾ!" ಎಂದ. ಗಿರಿಜೆಯ ಧ್ವನಿಯೇ ಕೇಳಿದಂತಾಯಿತು.

ನಾಗರಾಜು ಆರೇಳು ವರ್ಷ ಸಣ್ಣಪುಟ್ಟ ದೋಣಿಗಳಲ್ಲಿ ಈರುಳ್ಳಿ ಹೆಚ್ಚಿ ಹೆಚ್ಚಿ ಇಲ್ಲಿಗೆ ಬಂದವನು. ಈಗಿನ ಮುಖ್ಯ ಅಡುಗೆಯವನು ಕೆಲಸ ಬಿಡುತ್ತಿದ್ದ. ಆ ಜಾಗಕ್ಕೆ ಇವನ ಹೆಸರು ಹೋಗಿತ್ತು. "ಈ ಸರದಿ ಒಂದು ಯಾವ ಕಪ್ಪುಚುಕ್ಕೆ ಇಲ್ದಂಗೆ ಮುಗುದ್ರೆ ನಾನೇ ಸಾ ಇಲ್ಲಿ ಹೆಡ್ ಕುಕ್ಕು. ಒಂದು ಚುಕ್ಕೆ ಬಿತ್ತು ಅನ್ಕಳಿ, ಮುಂದಿನ ಹೆಲಿಕಾಪ್ಟ್ರಲ್ಲಿ ಮನೆಗೆ. ಮತ್ತೆ ಕರ್ಯಾಕಿಲ್ಲ. ಅದುಕ್ಕೆ ಉಸ್ರು ಬಿಗಿ ಹಿಡ್ಕಂಡು ಸೌಟಾಡುಸ್ತಾ ಇವ್ನಿ."

ಅಂಥವನಿಗೆ ನಾನು ರಾಗಿಹಿಟ್ಟಿನ ಗಂಟು ತೋರಿಸಿದೆ.

"ಬ್ಯಾಡ ಸಾ," ಎಂದ. ಕಣ್ಣು ಮಾತ್ರ ಗಂಟಿನ ಮೇಲೇ ಇತ್ತು. "ಪಟ್ಟೀಲಿ ಇಲ್ದಿದ್ದು ಮಾಡಂಗಿಲ್ಲ."

"ನಾಗರಾಜು, ನಾನು ಬ್ರೆಡ್ಡು ತಿಂದು ಸತ್ತರೆ ಅದು ಕಪ್ಪುಚುಕ್ಕೆ ಅಲ್ಲವೇನಪ್ಪ?"

ಮಾರನೇ ಮಧ್ಯಾಹ್ನ ನನ್ನ ತಟ್ಟೆಗೆ ಮುದ್ದೆ ಬಂತು. ಹೊಳೆಯುತ್ತಿದ್ದ, ಆವಿಯಾಡುತ್ತಿದ್ದ ಮುದ್ದೆ. ಪಕ್ಕದಲ್ಲಿ ಬೇಳೆ ಸಾರು. ಅಟ್ಲಾಂಟಿಕ್ ಸಾಗರದ ನಡುಮಧ್ಯದಲ್ಲಿ ನನ್ನ ಗಂಟಲು ತನ್ನ ಆಟ ಆಡಿತು.

ಊಟದ ಮೇಲೆ ನಾಗರಾಜು ತಟ್ಟೆ ತೊಳೆಯುವ ಜಾಗ ತೋರಿಸಿದ. ಅಲ್ಲಿ ಗೋಡೆಗೆ ಕೂರಿಸಿದ ಉಕ್ಕಿನ ಯಂತ್ರವೊಂದಿತ್ತು. ಉಳಿದ ಆಹಾರವನ್ನು ಅದರ ಬಾಯಿಗೆ ಸುರಿದರೆ ಅದು ಸಣ್ಣಗೆ ಅರೆದು ಕೊಳವೆಯ ಮೂಲಕ ಸಮುದ್ರಕ್ಕೆ ಬಿಡುತ್ತದೆ. ಒಂದಂಗುಲದ ತೂತಿನ ಜರಡಿಯಲ್ಲಿ ಹಾದುಹೋಗುವಷ್ಟು ಸಣ್ಣಗಾಗಿರಬೇಕು, ಇದು ನಿಯಮ. ಮೇಲೆ ಹಸಿರು ದೀಪ, ಒಳಗೆ ಗುಯ್ ಎಂಬ ಸದ್ದು.

"ಇದು ಈಚೀಚೆಗೆ ಬಲು ಸಾಧು ಆಗ್ಬುಟ್ಟೈತೆ ಸಾ," ಎಂದ ನಾಗರಾಜು. "ಮೊದ್ಲು ಮೂಳೆ ಹಾಕುದ್ರೆ ಕಟಕಟ ಅಂತ ಬೈಯ್ತಿತ್ತು. ಈಗ ಏನ್ ಹಾಕುದ್ರೂ ಸುಮ್ಕೆ ಈಸ್ಕತೈತೆ."

ನಾನು ಅರೆದದ್ದನ್ನು ಜರಡಿ ಹಿಡಿದು ನೋಡಬೇಕೆಂದೆ. ಕಳೆದ ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾಗಿದೆ, ಎಂದು ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಅಲೆಸ್ಟರ್ ಹಸಿರು ದೀಪದ ಕಡೆ ಬೆರಳು ತೋರಿಸಿದರು. ದೀಪ ನಿಜಕ್ಕೂ ಹಸಿರಾಗಿತ್ತು.

ಮುದ್ದೆಯ ಸಂಜೆ

ನನ್ನ ತಟ್ಟೆಯ ಕಂದು ಗೋಳದ ಸುದ್ದಿ ಹಡಗಿನಲ್ಲೆಲ್ಲ ಹರಡಿತು. ನೌಕರರಲ್ಲಿ ಪರಸ್ಪರ ಗೌರವ ಬೆಳೆಸಲು ಆಗಾಗ ಒಂದೊಂದು ದೇಶದ ಊಟ ಏರ್ಪಡಿಸುವ ಪದ್ಧತಿ ಅಲ್ಲಿತ್ತು. ಭಾನುವಾರ ಸಂಜೆ ಭಾರತದ ಸರದಿಯೆಂದೂ, ಎಲ್ಲರಿಗೂ ಅದನ್ನೇ ಮಾಡಬೇಕೆಂದೂ ಅಲೆಸ್ಟರ್ ಘೋಷಿಸಿದರು.

"ಸಾ, ಇವ್ರಿಗೆ ನುಂಗಕ್ಕೆ ಬರಾಕಿಲ್ಲ ಸಾ," ಎಂದು ನಾಗರಾಜು ಗೋಳಾಡಿದ. "ಅನ್ನ, ಹಪ್ಳ ಮಾಡಾಕ್ತೀನಿ, ಹೇಳಿ ಸಾ ನೀವು."

ನಾನು ಹೇಳಲಿಲ್ಲ. ಮಧುಗಿರಿ ಸೀಮೆಯ ಕೀರ್ತಿ ಸಾಗರದಾಚೆ ಹಬ್ಬುವ ಸುಸಂದರ್ಭದಲ್ಲಿ ಹಪ್ಪಳದ ಮಾತೇ? ನಾಗರಾಜು ಆಳೆತ್ತರದ ಪಾತ್ರೆಗೆ ಮರದ ಕೋಲು ಹಾಕಿ ಬೆವರು ಸುರಿಸಿ ಮುದ್ದೆ ತೊಳಸಿದ. ಎಲ್ಲರ ತಟ್ಟೆಗೂ ಒಂದೊಂದು ಬಂತು.

ನಾನು ಎದ್ದುನಿಂತು, ಅಗಿಯಬಾರದು, ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಸಣ್ಣ ಉಪನ್ಯಾಸ ಕೊಟ್ಟೆ. ಅಗಿಯದೆ ನುಂಗುವುದು ಗಂಟಲಿಗೆ ಅಪಾಯವೆಂದು ಸುರಕ್ಷತಾ ತರಬೇತಿಯಲ್ಲಿ ಹೇಳಿದ್ದಾರೆ, ಎಂದು ಒಬ್ಬ ನೆನಪಿಸಿದ. ಅಲೆಸ್ಟರ್ ಅಗಿದರು. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿಕೊಂಡಿತು. ನಾಯಕರಾದವರು ಉಗುಳುವಂತಿಲ್ಲ, ಕಣ್ಣಂಚಲ್ಲಿ ನೀರು ತುಂಬಿಕೊಂಡು, "ಸ್ವಾರಸ್ಯಕರವಾಗಿದೆ," ಎಂಬ ಒಂದು ಪದವನ್ನು ಬಹಳ ಹೊತ್ತಿನ ಮೇಲೆ ಬಿಡಿಸಿ ಹೊರಗೆ ತಂದರು. ಅದನ್ನು ಕಂಡ ಉಳಿದ ಬಿಳಿಯರು ಫೋರ್ಕಿನಿಂದ ಮುದ್ದೆಯನ್ನು ಒಮ್ಮೆ ಚುಚ್ಚಿ ನೋಡಿ, ಗೌರವಪೂರ್ವಕವಾಗಿ ಹಾಗೇ ಬಿಟ್ಟರು.

ಅಮಾ ಮತ್ತು ಅವಳ ದೇಶದವರು ಮಾತ್ರ ಫೋರ್ಕು ಬದಿಗಿಟ್ಟು, ಕೈತೊಳೆದು ಬಂದರು. ಗಂಟಲುಗಳು ಆಡಿದವು. "ಫುಫುವಿನ ಕಪ್ಪು ತಂಗಿ," ಎಂದು ಅಮಾ ಇನ್ನೊಂದು ಕೇಳಿದಳು. ನಾಗರಾಜುವಿಗೆ ಅವಳ ಹೆಸರು ಮೊದಲಿನಿಂದಲೂ 'ಅಮ್ಮ' ಎಂದೇ ಕೇಳಿಸುತ್ತಿತ್ತು. "ಹಾಕ್ಸಕಳಮ್ಮಾ, ನೀನೊಬ್ಳು ಮನುಷ್ಯಳು," ಎಂದು ಕನ್ನಡದಲ್ಲೇ ಉಪಚರಿಸಿದ.

ಉಳಿದ ಮುದ್ದೆಗಳು ತಟ್ಟೆಗಳಿಂದ ಯಂತ್ರದ ಬಾಯಿಗೆ ಬಿದ್ದವು. ಯಂತ್ರ ಗುಯ್ ಎಂದಿತು. ದೀಪ ಹಸಿರಾಗಿತ್ತು.

ಹಡಗಿನ ಎಡಮಗ್ಗುಲು

ಮಾರನೇ ಬೆಳಿಗ್ಗೆ ಪೂಜೆಗೆ ಕೂತಿದ್ದೆ. ಸೈರನ್ ಕೂಗಿತು. ಎಲ್ಲರೂ ಟೋಪಿ ಹಾಕಿಕೊಂಡು ಓಡಿದರು; ಓಡುವಾಗಲೂ ಕಂಬಿ ಹಿಡಿದಿದ್ದರು.

ಸಾಮಾನು ತರುವ ದೋಣಿ ಬಂದು ತಾಗುವಾಗ ಉಜ್ಜದಿರಲೆಂದು ಹಡಗಿನ ಎಡಮಗ್ಗುಲಿಗೆ ಹಳೆಯ ಟೈರು ಸುತ್ತಿದ ದೊಡ್ಡ ರಬ್ಬರು ದಿಂಬೊಂದನ್ನು ಹಿಂದಿನ ದಿನ ಇಳಿಬಿಟ್ಟಿದ್ದರು. ಆ ಟೈರುಗಳ ಸಂದಿಯಲ್ಲಿ ಕಪ್ಪು ಉಂಡೆಗಳು ಸಿಕ್ಕಿಕೊಂಡಿದ್ದವು. ಹಡಗಿನ ಕಾವಲಿನವನು ಅದನ್ನು ಕಂಡು ವರದಿ ಮಾಡಿದ್ದ: ಡಾಂಬರು ಉಂಡೆ.

ಎಣ್ಣೆ ಹಡಗಿನಲ್ಲಿ ಇದಕ್ಕಿಂತ ಅಮಂಗಳದ ಮಾತಿಲ್ಲ. ಕಚ್ಚಾ ಎಣ್ಣೆ ಎಲ್ಲೋ ಸೋರಿ, ಸಮುದ್ರದಲ್ಲಿ ಗಟ್ಟಿಯಾಗಿ ಉಂಡೆಗಟ್ಟಿದೆ ಎಂದು ಅರ್ಥ. ಬಾವಿಗಳನ್ನು ಮುಚ್ಚಿದರು. ಬರುತ್ತಿದ್ದ ದೋಣಿಯನ್ನು ದೂರ ನಿಲ್ಲಿಸಿದರು. ಅಲೆಸ್ಟರ್ ಮುಖ ಮೊದಲ ಸಲ ಬಿಳಿಯಾಯಿತು. ನನ್ನಂಥ ತಪಾಸಣೆಗಾರ ಹಡಗಿನಲ್ಲೇ ಇರುವ ದಿನ ಇಂಥದ್ದಾಗುವುದೇ?

ಅಮಾ ಉದ್ದನೆಯ ಕೋಲಿನ ಬಲೆಯಲ್ಲಿ ಒಂದು ಉಂಡೆ ಎತ್ತಿ ತಂದಳು. ಎಲ್ಲರೂ ಬಾಗಿ ನೋಡಿದರು. ಮೇಲೆ ರಾತ್ರಿಯ ಗಾಳಿಗೆ ಒಣಗಿ ಕರಕಲು ಬಣ್ಣ, ಉಪ್ಪುನೀರಿನ ಹೊಳಪು. ನಾನೂ ಬಾಗಿದೆ. ಉಂಡೆಯ ನೆತ್ತಿಯಲ್ಲಿ ಒಂದೇ ಸಾಲಿನಲ್ಲಿ, ಅಚ್ಚುಕಟ್ಟಾಗಿ, ನಾಲ್ಕು ತೂತು.

ಪ್ರಪಂಚದ ಯಾವ ಡಾಂಬರಿಗೂ ಫೋರ್ಕಿನ ತೂತು ಇರುವುದಿಲ್ಲ.

"ದೊರೆಗಳೇ," ಎಂದೆ, "ಇದು ತಮ್ಮ ಊಟ."

ಅಮಾ ಉಂಡೆ ಮುರಿದು ಮೂಸಿದಳು, ಪರೀಕ್ಷೆಗೆ ಹಾಕಿದಳು. ಎಣ್ಣೆಯ ಅಂಶವೇ ಇಲ್ಲ. ಹಡಗು ಉಸಿರುಬಿಟ್ಟಿತು. ಉಸಿರುಬಿಟ್ಟ ಮೇಲೆ, ಲೋಕದ ಎಲ್ಲ ಕಚೇರಿಗಳಲ್ಲೂ ಆಗುವಂತೆ, ಯಾರದು ತಪ್ಪು ಎಂಬ ಪ್ರಶ್ನೆ ಎದ್ದಿತು. ಉತ್ತರ ಸಿಗಲು ತಡವಾಗಲಿಲ್ಲ.

"ಪಟ್ಟಿಯಲ್ಲಿಲ್ಲದ ಪದಾರ್ಥವನ್ನು ಅಡುಗೆಯವನು ಯಂತ್ರಕ್ಕೆ ಹಾಕಿದ್ದಾನೆ," ಎಂದರು ಅಲೆಸ್ಟರ್. "ಎಂಥ ಯಂತ್ರವಾದರೂ ಆ ಅಂಟನ್ನು ಅರೆಯಲಾರದು. ನನ್ನ ಸ್ವಂತ ಅನುಭವವಿದೆ." ದವಡೆ ಮುಟ್ಟಿಕೊಂಡರು. "ಮುಂದಿನ ಹೆಲಿಕಾಪ್ಟರಿನಲ್ಲಿ ಅವನು ಹೋಗಬಹುದು."

ನಾಗರಾಜು ನನ್ನ ಕೋಣೆಯ ಬಾಗಿಲಲ್ಲಿ ಟೋಪಿ ಹಿಂಡುತ್ತ ನಿಂತ.

"ಮುದ್ದೆ ಮುದ್ದೆ ಅಂತ ಪ್ರಾಣ ತಿಂದ್ರಲ್ಲಾ ಸಾ. ಹಪ್ಳ ಮಾಡ್ತೀನಿ ಅಂತ ನಾನು ಬಡ್ಕಂಡೆ. ಈಗ ನೋಡಿ. ನಿಮ್ಗೇನು, ವರದಿ ಬರ್ದು ಹೊಂಟೋಯ್ತೀರ. ಆರೇಳು ವರ್ಷ ಈರುಳ್ಳಿ ಹೆಚ್ಚಿದ್ದು ಸಮುದ್ರುಕ್ಕೋಯ್ತು ನಂದು."

"ತಡಿಯಪ್ಪ," ಎಂದೆ. "ಮುದ್ದೆ ಅರೆಯೋಕಾಗದಷ್ಟು ಅಂಟು ಅಂತ ಅವರು ಹೇಳಿದರಲ್ಲ. ಅಂಟಾಗಿದ್ದರೆ ಯಂತ್ರದೊಳಗೆ ಮೆತ್ತಿಕೊಳ್ಳಬೇಕಿತ್ತು. ಈಚೆಗೆ ಹೆಂಗೆ ಬಂತು? ಅದೂ ಫೋರ್ಕಿನ ತೂತಿನ ಸಮೇತ?"

ನಾಗರಾಜು ಟೋಪಿ ಹಿಂಡುವುದು ನಿಲ್ಲಿಸಿದ.

"ನಿನ್ನ ಸಾಧು ಯಂತ್ರ ಯಾಕೆ ಸಾಧು ಆಯ್ತು ನೋಡೋಣ ನಡಿ. ಹಿಟ್ಟು ಉಳಿದಿದೆಯಾ?"

"ಒಂದು ಮುದ್ದೆಗೆ ಆಯ್ತದೆ ಸಾ."

ತಪಾಸಣೆಗಾರನಿಗೆ ಒಂದು ಪರೀಕ್ಷೆ ಕೇಳುವ ಹಕ್ಕಿದೆ. ಕೇಳಿದೆ. ಯಂತ್ರದಿಂದ ಹೊರಹೋಗುವ ಕೊಳವೆಯನ್ನು ಬಿಚ್ಚಿ ಕೆಳಗೆ ಒಂದಂಗುಲದ ಜರಡಿ ಹಿಡಿಸಿದೆ. ಅಲೆಸ್ಟರ್, ಅಮಾ, ಒಬ್ಬ ಮೆಕ್ಯಾನಿಕ್ ಸುತ್ತ ನಿಂತರು. ನಾಗರಾಜು ಕೊನೆಯ ಹಿಟ್ಟಿನಲ್ಲಿ ಮುದ್ದೆ ತೊಳಸಿ, ಒದ್ದೆ ಕೈಯಲ್ಲಿ ಕಟ್ಟಿ, ಕೊನೆಗೆ ತನಗೇ ಗೊತ್ತಿಲ್ಲದಂತೆ ಬೆರಳುಗಳಿಂದ ಒಮ್ಮೆ ಗಟ್ಟಿಯಾಗಿ ಅದುಮಿದ. ಬಹುಶಃ ಭಯಕ್ಕೆ. ಅದನ್ನು ಯಂತ್ರದ ಬಾಯಿಗೆ ಹಾಕಿ ಕಣ್ಣುಮುಚ್ಚಿಕೊಂಡ.

ಗುಯ್. ಹಸಿರು ದೀಪ. ನೀರು ಹರಿಯಿತು. ಒಂದು ಕ್ಷಣದ ಮೇಲೆ ಮುದ್ದೆ ಜರಡಿಗೆ ಬಂದು ಕೂತಿತು, ಗುಂಡಗೆ, ಸಮಾಧಾನವಾಗಿ. ಅದರ ಮೇಲೆ ನಾಗರಾಜುವಿನ ಬೆರಳುಗಳ ಗುರುತು ಹಾಗೇ ಇತ್ತು.

ಅಮಾಳ ನಗು ಮೊದಲು ಕಣ್ಣಿಗೆ, ಆಮೇಲೆ ಇಡೀ ಮುಖಕ್ಕೆ ಬಂತು. "ಇದು ಅಗಿಯುವುದಿಲ್ಲ," ಎಂದಳು. "ನಮ್ಮಂತೆ ನುಂಗುತ್ತದೆ."

ಮುಚ್ಚಳ ತೆಗೆಸಿದೆ. ಒಳಗೆ ಬ್ಲೇಡೇ ಇರಲಿಲ್ಲ. ಮೆಕ್ಯಾನಿಕ್ ಕೆಮ್ಮಿದ. ಬ್ಲೇಡು ಮೊಂಡಾಗಿತ್ತು, ಸಾಣೆಗೆ ದಡಕ್ಕೆ ಕಳಿಸಿದ್ದೇವೆ, ಮೋಟಾರು ನಿಲ್ಲಿಸಿದರೆ ದೀಪ ಕೆಂಪಾಗುತ್ತದೆ, ಕೆಂಪಾದರೆ ತಪಾಸಣೆಯಲ್ಲಿ ಕಾಣುತ್ತದೆ, ಆದ್ದರಿಂದ ಖಾಲಿ ಮೋಟಾರನ್ನೇ ಓಡಿಸುತ್ತಿದ್ದೆವು ಎಂದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಸೇರಿಸಿದ:

"ತಾತ್ಕಾಲಿಕವಾಗಿ."

ಎಷ್ಟು ದಿನದಿಂದ ಹಡಗಿನ ಎಂಜಲು ಇಡಿಯಾಗಿ ಸಮುದ್ರಕ್ಕೆ ಹೋಗುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಅನ್ನ, ಮಾಂಸ, ಆಲೂಗಡ್ಡೆ ಎಲ್ಲ ನೀರಿಗೆ ಬಿದ್ದೊಡನೆ ಮೀನುಗಳು ಮುಕ್ಕಿ ಸಾಕ್ಷ್ಯ ನಾಶ ಮಾಡುತ್ತಿದ್ದವು. ಮುದ್ದೆಯೊಂದು ಮಾತ್ರ ಕೊಳವೆಯ ಬಾಯಿಯ ಕೆಳಗೇ ಇಳಿಬಿಟ್ಟಿದ್ದ ಟೈರಿಗೆ ಅಂಟಿಕೊಂಡು ಸಾಕ್ಷಿ ಹೇಳಿತು.

ಅಲೆಸ್ಟರ್ ಕೆಟ್ಟ ಮನುಷ್ಯರಲ್ಲ. ಜರಡಿಯಲ್ಲಿದ್ದ ಮುದ್ದೆಯ ಮೇಲಿನ ಬೆರಳ ಗುರುತನ್ನು ನೋಡಿ, ನಾಗರಾಜುವಿನ ಕಡೆ ತಿರುಗಿ, "ನಿನ್ನದು ತಪ್ಪಿಲ್ಲ," ಎಂದರು. ಬ್ಲೇಡು ಬರುವವರೆಗೆ ಆಹಾರದ ಕಸವನ್ನೆಲ್ಲ ಚೀಲಕ್ಕೆ ಕಟ್ಟಿ ದಡಕ್ಕೆ ಕಳಿಸಬೇಕೆಂದು ಆಜ್ಞೆ ಮಾಡಿದರು. ನಾನು ವರದಿಯಲ್ಲಿ ಯಂತ್ರದ ವಿಷಯ ಒಂದೇ ವಾಕ್ಯ ಬರೆದೆ: ಬ್ಲೇಡು ತಾತ್ಕಾಲಿಕವಾಗಿ ಇಲ್ಲ, ಆಹಾರವನ್ನು ಅರೆಯದೆ ನುಂಗುತ್ತದೆ. ಜ್ವಾಲೆಯ ವಿಷಯ ಇನ್ನೊಂದು ವಾಕ್ಯ: ತಾತ್ಕಾಲಿಕವೆಂದು ಹೇಳುತ್ತಾರೆ, ಹಡಗಿನಲ್ಲಿ ಆ ಪದದ ಅರ್ಥವನ್ನು ಮೇಲಿನ ವಾಕ್ಯದಲ್ಲಿ ನೋಡಿ.

ಹೊರಡುವ ದಿನ ನಾಗರಾಜು ಹೆಲಿಕಾಪ್ಟರಿನ ಮೆಟ್ಟಿಲವರೆಗೆ ಬಂದ. ಕೆಲಸದ ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ. "ಕಂಬಿ ಹಿಡ್ಕಳಿ ಸಾ," ಎಂದಷ್ಟೇ ಹೇಳಿದ. ದಡದಲ್ಲಿ ಮೊಹರು ಮಾಡಿದ ಚೀಲ ಬಿಚ್ಚಿ ನನ್ನ ಬೆಂಕಿಪೊಟ್ಟಣವನ್ನು ಸಕಲ ಮರ್ಯಾದೆಯೊಂದಿಗೆ ಹಿಂದಿರುಗಿಸಿದರು.

ಮತ್ತೆ ಮಧುಗಿರಿ

ಮೋರಿ ಹಾಗೇ ಕಟ್ಟಿಕೊಂಡಿತ್ತು. ಅದರ ವಾಸನೆ ಬಂದಾಗಲೇ ಮನೆ ಬಂತೆಂದು ಗೊತ್ತಾದದ್ದು.

ಕೆಲವು ತಿಂಗಳ ಮೇಲೆ, ರಜಕ್ಕೆ ಊರಿಗೆ ಬಂದ ನಾಗರಾಜು ಕಲ್ಲುಚಪ್ಪಡಿ ದಾಟಿಕೊಂಡು ನಮ್ಮ ಮನೆಗೆ ಬಂದ. ಕೈಯಲ್ಲಿ ಹಣ್ಣಿನ ಚೀಲ, ಹೊಸ ಶರಟು. ಮುಖ ನೋಡಿದರೆ ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ.

"ಆದೆ ಸಾ! ಹೆಡ್ ಕುಕ್ಕು! ಆ ಅಮ್ಮ ಜೋರಾಗಿ ಹೇಳುದ್ಲಂತೆ ನನ್ನ ಪರವಾಗಿ."

ಗಿರಿಜೆ ಅವನಿಗೆ ಮುದ್ದೆ ಇಟ್ಟು ಸೊಪ್ಪಿನ ಸಾರು ಬಿಟ್ಟಳು. "ನಾಚಿಕೊಬೇಡಪ್ಪ, ಇನ್ನೊಂದು ಇದೆ," ಎಂದಳು. ಅವನ ಗಂಟಲು ಆಡಿತು.

"ಯಂತ್ರ?" ಎಂದೆ.

"ಬ್ಲೇಡು ಬಂತು ಸಾ. ಈಗ ಮೂಳೆ ಹಾಕುದ್ರೆ ಮೊದ್ಲಿನಂಗೇ ಬೈಯ್ತೈತೆ. ಆದ್ರೆ ಅಂಥದ್ದು ಮತ್ತೆ ಆಗ್ಬಾರ್ದು ಅಂತ ಕಂಪ್ನಿಯೋರು ಬಲು ಯೋಚ್ನೆ ಮಾಡಿ ಒಂದು ಕಟ್ಟುನಿಟ್ಟು ತಂದವ್ರೆ."

"ಏನು? ಹಸಿರು ದೀಪ ನಂಬಬಾರದು ಅಂತಲಾ?"

"ಅಲ್ಲ ಸಾ. ಹೆಲಿಕಾಪ್ಟ್ರು ಹತ್ತೋ ಜಾಗದಾಗೆ ತರಬಾರದ ಸಾಮಾನಿನ ಬೋರ್ಡು ಐತಲ್ಲ, ಅದ್ರಾಗೆ ಬೆಂಕಿಪೊಟ್ಣದ ಕೆಳಗೆ ರಾಗಿಹಿಟ್ಟು ಅಂತ ಸೇರ್ಸವ್ರೆ."

ಗಿರಿಜೆ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ನಾನು ಸಾರಿನ ಬಟ್ಟಲು ನೋಡಿದೆ.

"ಆ ಬೆಂಕಿ ಏನಾಯ್ತಪ್ಪ, ನಾಗರಾಜು?"

ನಾಗರಾಜು ಮುದ್ದೆಯ ಕೊನೆಯ ತುತ್ತನ್ನು ಸಾರಿನಲ್ಲಿ ಹೊರಳಿಸಿದ.

"ಅದು ಉರೀತಾ ಐತೆ ಸಾ," ಎಂದ. "ತಾತ್ಕಾಲಿಕ ಅಲ್ವಾ."

ಎಂದು, ಅಗಿಯದೆ ನುಂಗಿದ.